ತಡವಾದ ಹನ್ನೊಂದು ದಿನ

ಮಾನ್ವಿ, ೧೯೭೯

ಯವ್ವಾ,

ನೀನು ತೀರಿಕೊಂಡು ಎರಡು ವರ್ಷವಾಯಿತು. ಇದ್ದಾಗಲೂ ನಿನಗೆ ಓದಲು ಬರುತ್ತಿರಲಿಲ್ಲ. ಆದರೂ ಇವತ್ತು ಆಸ್ಪತ್ರೆಯಲ್ಲಿ ನಡೆದದ್ದನ್ನು ಬೇರೆ ಯಾರಿಗೂ ಹೇಳಲಾರೆ.

ಮಲ್ಲಟದ ಸೂಗಮ್ಮ ಹಾಲು ಕುಡಿಯುವ ಕೂಸನ್ನು ಎತ್ತಿಕೊಂಡು ಬಂದಿದ್ದಳು. ಮುಟ್ಟು ಹನ್ನೊಂದು ದಿನ ತಡವಾಗಿತ್ತು. "ಬಸುರು ಅನಬ್ಯಾಡ್ರಿ ಬಾಯಾರ, ತಿಂಗಳದ್ದು ತರಿಸಿಕೊಡ್ರಿ" ಎಂದು ಡಾಕ್ಟರಮ್ಮನಿಗೆ ಹೇಳಿದಳು. ಡಾಕ್ಟರಮ್ಮ ಬಸಿರಿನ ಪರೀಕ್ಷೆಗೆ ಕಳಿಸಲಿಲ್ಲ. ದೊಡ್ಡ ಸಿರಿಂಜಿನಿಂದ ಗರ್ಭಕೋಶದಲ್ಲಿದ್ದದ್ದನ್ನು ಹೀರಿ ತೆಗೆದು, ಹತ್ತೇ ನಿಮಿಷದಲ್ಲಿ ಕೆಲಸ ಮುಗಿಸಿ, "ಅಮರಮ್ಮ, ಮುಟ್ಟು ತಡವಾಗಿದ್ದಕ್ಕೆ ಚಿಕಿತ್ಸೆ ಅಂತ ಬರಿ" ಎಂದರು. ಬರೆದೆ.

ಸೂಗಮ್ಮ ಎದ್ದು ಕೂತು ನನ್ನ ಕೈ ಹಿಡಿದಳು. "ಒಳಗ ಏನರ ಇತ್ತೇನ್ರಿ?"

"ಗೊತ್ತಿಲ್ಲವ್ವಾ" ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ.

"ಹಂಗಾರ ಛಲೋ ಆತು" ಎಂದವಳೇ ಕೂಸಿಗೆ ಮೊಲೆ ಕೊಟ್ಟಳು.

ದೇವದುರ್ಗದಲ್ಲಿ ಸೂಲಗಿತ್ತಿಯಾಗಿದ್ದ ನೀನು ಕಷಾಯ ಕೊಡುವಾಗ, "ನಿಂತ ಮುಟ್ಟನ್ನ ಇಳಸ್ತೀನಿ, ಅಷ್ಟ" ಎನ್ನುತ್ತಿದ್ದೆ. ನರ್ಸ್ ತರಬೇತಿ ಮುಗಿಸಿ ಬಂದ ನಾನು, "ಇದು ಬಸುರು ತೆಗಿಯೋದು, ಬ್ಯಾರೇನಲ್ಲ" ಎಂದು ಮಂದಿಯೆದುರು ಕೂಗಾಡಿ ಕಷಾಯ ಚೆಲ್ಲಿದ್ದೆ. ನಿನ್ನ ಕಷಾಯ ಕುಡಿದು ಒಬ್ಬಳು ರಕ್ತ ಹೋಗಿ ಸಾಯುವ ಹಾಗಾಗಿದ್ದನ್ನು ನಾನೇ ನೋಡಿದ್ದೆ. ಹಾಗಾಗಿ ನಾನು ಮಾಡಿದ್ದು ತಪ್ಪೆಂದು ಇವತ್ತೂ ಹೇಳಲಾರೆ. ಆದರೆ ನೀನು ಹೇಳುತ್ತಿದ್ದ ಮಾತನ್ನೇ ಇವತ್ತು ನನ್ನ ಕೈಯಾರೆ ಬರೆದೆನಲ್ಲ. ತಡೆಯುವುದು ಎಲ್ಲಿ ಮುಗಿಯುತ್ತದೆ, ತೆಗೆಯುವುದು ಎಲ್ಲಿ ಶುರುವಾಗುತ್ತದೆ, ನನಗೆ ತಿಳಿಯುತ್ತಿಲ್ಲ.

ನಾನು ಕಷಾಯ ಚೆಲ್ಲಿದ ಆ ದಿನ ನಿನ್ನೆದುರು ಕೂತಿದ್ದ ಹೆಂಗಸು ಅದನ್ನು ಕುಡಿಯದೆಯೇ, ಸೆರಗನ್ನು ಮುಖಕ್ಕೆ ಎಳೆದುಕೊಂಡು ಎದ್ದು ಹೋದಳು. ಅವಳು ಯಾರು ಯವ್ವಾ? ಆಮೇಲೆ ಏನು ಮಾಡಿಕೊಂಡಳು? ನೀನಿರುವಷ್ಟು ದಿನ ನಾನು ಒಮ್ಮೆಯೂ ಕೇಳಲಿಲ್ಲ.