ಎರಡನೆಯ ಕ್ಯಾಮೆರಾ

ಮನೆ ಮಾಲೀಕರಿಗೆ ಮಹಡಿ ಮನೆಯ ಟೈಲರ್ ಮಾಡುವ ನಮಸ್ಕಾರ.

ಶನಿವಾರ ನಾನು ಬಾಗಿಲ ಮೇಲೆ ವೈರ್‌ಲೆಸ್ ಕ್ಯಾಮೆರಾ ಕೂರಿಸುವಾಗ ನೀವೇ ಏಣಿ ಹಿಡಿದಿರಿ. “ನಾನಿರುವಾಗ ಕಳ್ಳ ಬರ್ತಾನೇನಮ್ಮಾ?” ಎಂದು ನಕ್ಕಿರಿ. ನಮ್ಮ ಬೀಗಕ್ಕೆ ಬೇರೆ ಕೀಲಿ ಇಲ್ಲವೆಂದೂ ಹೇಳಿದಿರಿ.

ಮಂಗಳವಾರ ಹನ್ನೊಂದಕ್ಕೆ, ನಾನು ಅಂಗಡಿಯಲ್ಲಿದ್ದಾಗ, ಯಾರೋ ಆ ಕ್ಯಾಮೆರಾಕ್ಕೆ ಬಟ್ಟೆ ಮುಚ್ಚಿದರು. ಫೋನಿನಲ್ಲಿ ಚಿತ್ರ ಕಪ್ಪಾಯಿತು.

ನಿಮಗೊಂದು ವಿಷಯ ಹೇಳಲು ಮರೆತಿದ್ದೆ. ಒಂದು ಕೊಂಡರೆ ಇನ್ನೊಂದು ಉಚಿತವಾಗಿತ್ತು. ಎರಡನೆಯದು ಒಳಗಿದೆ. ನೀವು ಬೀಗ ತೆಗೆದು ಬಂದದ್ದು, ನನ್ನ ಮಗಳ ಕಪಾಟು ತೆರೆದದ್ದು ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಬೀಗ ಬದಲಿಸುವವರು ನಾಳೆ ಬರುತ್ತಾರೆ. ಈ ರಾತ್ರಿ ನಾನೂ ಮಗಳೂ ನಿದ್ದೆ ಮಾಡಬೇಕು. ಆದ್ದರಿಂದ ನಿಮ್ಮ ಬಳಿಯ ಕೀಲಿಯನ್ನು ಸಂಜೆಯೊಳಗೆ ನಿಮ್ಮ ಹೆಂಡತಿಯ ಕೈಯಲ್ಲೇ ಕಳಿಸಿ. ಅದು ನಿಮಗೆ ಏಕೆ ಬೇಕಾಗಿತ್ತೆಂದು ಆ ಅಕ್ಕನಿಗೆ ನೀವೇ ಹೇಳಿ. ನೀವು ಹೇಳದಿದ್ದರೆ ನಾನು ತೋರಿಸುತ್ತೇನೆ.

ಇಂತಿ,
ನೀವು “ಅಮ್ಮಾ” ಎಂದು ಕರೆಯುವವಳು