ಅಲಮೇಲು ಆಂಟಿಯ ಸೆರಗು

ಚಂದ್ರಾ ಲೇಔಟ್, ಬೆಂಗಳೂರು
16 ಆಗಸ್ಟ್ 2024

ಪ್ರೀತಿಯ ಸ್ಪಂದನ,

ಕೆಂಗೇರಿ ಉಪನಗರದ ಹೊಸ ರೂಮು ಹೇಗಿದೆ? ಐದು ತಿಂಗಳ ಮೇಲೆ ಬರೆಯುತ್ತಿದ್ದೇನೆ, ಬೈದುಕೋ. ನನ್ನ ಫೋನನ್ನು ನೀನು ಎತ್ತುವುದಿಲ್ಲ. ಕಾಗದವನ್ನಾದರೂ ಹರಿಯುವ ಮೊದಲು ಓದುತ್ತೀಯೆಂದು ನಂಬಿದ್ದೇನೆ.

ನಮ್ಮೂರಿನಲ್ಲಿ ಅವ್ವ ನಿನಗೆ ಬೇರೆ ತಟ್ಟೆ ಇಟ್ಟಾಗ ನಾನು ತಲೆ ತಗ್ಗಿಸಿ ಉಂಡೆ. ವಾಪಸ್ ಬರುವಾಗ ಬಸ್ಸಿನಲ್ಲಿ ನೀನು ಹೇಳಿದೆ: "ನಿನ್ನ ಸಮಾನತೆ ಕರಪತ್ರದಲ್ಲಿ ಚೆನ್ನಾಗಿದೆ ಕಣೇ. ಊಟದ ಹೊತ್ತಿಗೆ ಮಡಚಿಟ್ಬಿಡ್ತೀಯ." ತಪ್ಪು ಅವ್ವನದು, ನನ್ನದಲ್ಲ ಎಂದು ವಾದಿಸಿದೆ. ವಾರದೊಳಗೆ ನೀನು ರೂಮು ಬಿಟ್ಟೆ.

ಹೊಟ್ಟೆಯ ಸುದ್ದಿ ಹೇಳುತ್ತೇನೆ. ರಕ್ತ ಬೀಳುವುದು ನಿಂತಿಲ್ಲ, ತೂಕ ನಲವತ್ತೊಂದಕ್ಕೆ ಇಳಿದಿದೆ. ಮೂಲವ್ಯಾಧಿಯೆಂದು ಅವ್ವ ಕಳಿಸಿದ ಪುಡಿಯಿಂದ ಏನೂ ಆಗಲಿಲ್ಲ. ಡಾಕ್ಟರ್ ಅನಘಾ ಹೇಳಿದರು: "ಒಳಗೆ ಕ್ಯಾಮೆರಾ ತೂರ್ಸಿ ದೊಡ್ಡ ಕರುಳು ನೋಡಿದ್ವಿ. ಸಣ್ಣ ಕರುಳು ಪೂರ್ತಿ ಅದಕ್ಕೆ ಸಿಗಲ್ಲಮ್ಮ. ಈ ಸಲ ಒಳಗೇನೂ ತೂರ್ಸಲ್ಲ, ಎಂಆರ್‌ಐ ಮಾಡ್ಸೋಣ. ಜೊತೇಲಿ ಯಾರನ್ನಾದ್ರೂ ಕರ್ಕೊಂಡ್ ಬಾ."

ಒಬ್ಬಳೇ ಹೋದೆ.

ಎಂಆರ್‌ಐಗೆ ಮೊದಲು ಕುಡಿಯಲು ಒಂದೂವರೆ ಲೀಟರ್ ಅರೆಸಿಹಿ ಔಷಧದ ನೀರು. ಮುಕ್ಕಾಲು ಗಂಟೆಯಲ್ಲಿ ಮುಗಿಸಬೇಕು. ಕರುಳು ಉಬ್ಬಿದರೆ ಗೋಡೆ ಸ್ಪಷ್ಟ ಕಾಣುತ್ತದಂತೆ. ಸುತ್ತ ಎಲ್ಲರಿಗೂ ಲೋಟ ಹಿಡಿದುಕೊಡಲು ಒಬ್ಬೊಬ್ಬರಿದ್ದರು. ನಾನು ಎದುರಿನ ಗಡಿಯಾರ ನೋಡುತ್ತ ಕುಡಿದೆ.

ಟೆಕ್ನಿಷಿಯನ್ ಕಲ್ಮೇಶ್ ನಮ್ಮ ಕಡೆಯವನು. ನನ್ನ ಕೊರಳು ನೋಡಿದವನೇ ತಲೆ ಕೆರೆದುಕೊಂಡ. ಅವ್ವ ಕಟ್ಟಿಸಿದ ಇಷ್ಟಲಿಂಗ, ಬೆಳ್ಳಿಯ ಕರಡಿಗೆಯಲ್ಲಿದೆಯಲ್ಲ; ಲೋಹದ್ದೇನೂ ಯಂತ್ರದೊಳಗೆ ಒಯ್ಯುವಂತಿಲ್ಲ.

"ಲಿಂಗ ಮೈಮ್ಯಾಲಿಂದ ತೆಗೀಬಾರ್ದು ಅನ್ನೂದು ನನಗ ಗೊತ್ತೈತ್ರಿ. ಮಷಿನ್‌ಗೆ ಗೊತ್ತಿಲ್ಲಲ್ರಿ! ನಿಮ್ಮವ್ರ ಕೈಯಾಗ ಕೊಟ್ಟು ಬರ್ರಿ."

"ನಮ್ಮವರು ಯಾರೂ ಬಂದಿಲ್ಲ."

"ಲಾಕರ್‌ನ್ಯಾಗ ಇಡ್ರಿ ಮತ್ತ."

ಲಾಕರಿನಲ್ಲಿ ಯಾರದೋ ಚಪ್ಪಲಿ ಇತ್ತು. ನಾನು ಅಲ್ಲಾಡದೆ ನಿಂತೆ. ನೆಲ ಗುಡಿಸುತ್ತಿದ್ದ ಆಸ್ಪತ್ರೆಯ ಕೆಲಸದ ಅಲಮೇಲು ಆಂಟಿ ಹತ್ತಿರ ಬಂದು, "ಕೊಡು ಕಣಮ್ಮ, ನಾನ್ ಇಟ್ಕೊಂಡಿರ್ತೀನಿ. ನಮ್ ಮಗಳೂ ಹಿಂಗೇ, ಎಲ್ಲದಕ್ಕೂ ಮೊಂಡು," ಎಂದು ನಕ್ಕರು. ಅವರ ಕೈಗೆ ಕೊಟ್ಟೆ. ಸ್ಪಂದನ, ಮುಟ್ಟಿದರೆ ಮೈಲಿಗೆಯಾಗುವ ದೇವರು ದೇವರೇ ಅಲ್ಲ ಎಂದು ನಾವಿಬ್ಬರೂ ಕರಪತ್ರ ಅಚ್ಚು ಹಾಕಿಸಿ ವಿಜಯನಗರದ ಬಸ್ ಸ್ಟಾಪಿನಲ್ಲಿ ಹಂಚಿದ್ದೆವು. ಆ ಮಾತನ್ನು ಅವತ್ತು ಬದುಕಿ ತೋರಿಸಿದೆ.

ಒಳಗೆ ಯಂತ್ರ ಬಡಿದುಕೊಳ್ಳುತ್ತಿತ್ತು. "ಉಸಿರು ಹಿಡೀರಿ... ಬಿಡ್ರಿ." ಅರ್ಧ ಗಂಟೆ ನನ್ನೊಂದಿಗೆ ಮಾತಾಡಿದ್ದು ಆ ದನಿಯೊಂದೇ.

ರಿಪೋರ್ಟ್ ಬಂದಿದೆ. ಸಣ್ಣ ಕರುಳಿನ ಕೊನೆಯಲ್ಲಿ ಗೋಡೆ ದಪ್ಪವಾಗಿ ದಾರಿ ಕಿರಿದಾಗಿದೆ. ಕ್ರೋನ್ಸ್ ಎಂಬ ಕಾಯಿಲೆ. ಪೂರ್ತಿ ಹೋಗುವುದಿಲ್ಲ, ಔಷಧದಿಂದ ಹತೋಟಿಗೆ ಬರುತ್ತದೆ, ಈಗಲೇ ಕೊಯ್ಯಬೇಕಿಲ್ಲ ಎಂದರು ಡಾಕ್ಟರ್. ಇದೇ ಇಪ್ಪತ್ತಾರು, ಸೋಮವಾರ, ಔಷಧದ ಮೊದಲ ಡ್ರಿಪ್. ಜೊತೆಗೆ ಒಬ್ಬರು ಇರಲೇಬೇಕಂತೆ. ನೀನು ಬರುತ್ತೀಯಾ?

ನಿನ್ನ ಬಿ.ಎಡ್. ಪರೀಕ್ಷೆ ಚೆನ್ನಾಗಿ ಆಗಲಿ, ಹೊತ್ತಿಗೆ ಸರಿಯಾಗಿ ಉಣ್ಣು, ನಿನ್ನ ಮಾತಿನ ಮೊನೆ ಎಂದಿಗೂ ಮೊಂಡಾಗದಿರಲಿ.

ನಿನ್ನ
ಗುರುದೇವಿ

ಮರೆತ ಮಾತು: ಮರೆತದ್ದಲ್ಲ, ಮುಚ್ಚಿಟ್ಟದ್ದು. ಅವರ ಕೈಗೆ ಕೊಟ್ಟೆ ಎಂದೆನಲ್ಲ, ಸುಳ್ಳು. ಅವರು ಕೈ ಚಾಚಿದಾಗ ನನ್ನ ಕೈ ಹಿಂದೆ ಸರಿಯಿತು. ಲಿಂಗವನ್ನು ಬೇರೆಯವರು ಮುಟ್ಟಬಾರದೆಂಬ ನಿಯಮವೇನೋ ಇದೆ. ಆದರೆ ನನಗೆ ನೆನಪಾದದ್ದು ನಿಯಮವಲ್ಲ, ನನ್ನ ಕಣ್ಣಿಗೆ ಬಿದ್ದದ್ದು ಅವರ ಇನ್ನೊಂದು ಕೈಯಲ್ಲಿದ್ದ ಪೊರಕೆ. ಅವರು ಪೊರಕೆ ಗೋಡೆಗೆ ಒರಗಿಸಿ, ಸೆರಗು ಒಡ್ಡಿ, "ಇದ್ರಲ್ಲಿ ಹಾಕಮ್ಮ" ಎಂದರು. ನಾನು ಈಚೆ ಬರುವವರೆಗೂ ಹಾಗೇ ಒಡ್ಡಿಕೊಂಡು ಕೂತಿದ್ದರು. "ನೋಡ್ಕೋ ಕಣಮ್ಮ, ಕೈ ತಾಕ್ಸಿಲ್ಲ," ಎಂದರು, ನನಗೇ ಸಮಾಧಾನ ಹೇಳುವವರಂತೆ.

ನನಗೆ ಸಮಾಧಾನವಾಯಿತು, ಸ್ಪಂದನ. ಅದನ್ನು ನಿನಗೆ ಹೇಳದೆ ಸೋಮವಾರ ನಿನ್ನನ್ನು ಕರೆಯಲಾರೆ.