ಕ್ಯುಮ್ಯುಲೇಟಿವ್ ಎಂಬ ಪದ ಮತ್ತು ನನ್ನ ಸುಳ್ಳು

ಪ್ರೀತಿಯ ಕಾಕಾ,

ಆ ಭಾನುವಾರ ಬೆಳಿಗ್ಗೆ ನೀನು ಊರಿನ ಆ ತುದಿಯ ತಾರ್ನಾಕದಿಂದ ಎರಡು ಬಸ್ಸು ಬದಲಿಸಿ ಕೊಂಡಾಪುರದ ನನ್ನ ಮನೆಗೆ ಬಂದಿದ್ದೆ. ಸುತ್ತಲೂ ಗಾಜಿನ ಆಫೀಸುಗಳು ಏಳುತ್ತಿದ್ದ ಕಾಲ. ಅಪ್ಪ ತೀರಿಕೊಂಡ ಮೇಲೆ ಅಚ್ಚುಕೂಟದಲ್ಲಿ ಕರಡು ತಿದ್ದುತ್ತ ನನ್ನನ್ನು ಓದಿಸಿದವನು ನೀನು. ಮೇಜಿನ ಮೇಲೆ ನನ್ನ ಹಾಳೆಗಳನ್ನು ಕಂಡರೆ ಸುಮ್ಮನಿರುತ್ತೀಯಾ? ಎಕ್ಸ್-ರೇ ಸಿಬ್ಬಂದಿಯ ಮೈಗೆ ತಗುಲುವ ವಿಕಿರಣವನ್ನು ದಾಖಲಿಸುವ ಸಾಫ್ಟ್‌ವೇರಿಗೆ ನಾನು ಬರೆಯುತ್ತಿದ್ದ ಕೈಪಿಡಿ ಅದು.

“ಸುಧಾ, ಕುಮುಲೇಟಿವ್ ಅಂದ್ರ ಆ ದಿನದ ಪ್ರಮಾಣ ಅಂತ ಬರ್ದೀಯಲ್ಲ, ತಪ್ಪೈತಿ,” ಎಂದೆ ನೀನು. “ಲ್ಯಾಟಿನ್‌ನಾಗ ಕುಮುಲಸ್ ಅಂದ್ರ ರಾಶಿ. ರಾಶಿ ಬಿದ್ದ ಮೋಡಕ್ಕೂ ಅದ ಹೆಸರು. ನಿನ್ನೇದು, ಮೊನ್ನೇದು, ಎಲ್ಲಾ ಸೇರ್ಕೋತ ಬಂದದ್ದು ನೋಡವಾ. ಕೋರ್ಟಿನಾಗ ಒಂದರ ಮ್ಯಾಲ ಒಂದು ಕೂಡೋ ಸಾಕ್ಷಿಗೂ ಇದ ಮಾತು. ನಾವು ಸಂಚಿತ ಅಂತೀವಿ.”

ಮಧ್ಯಾಹ್ನ ನನ್ನ ಮ್ಯಾನೇಜರ್ ಮತ್ತು ಇಬ್ಬರು ಸಹೋದ್ಯೋಗಿಗಳು ಊಟಕ್ಕೆ ಬಂದಾಗಲೂ ನಿನ್ನ ಕೈಯಲ್ಲಿ ಅದೇ ಹಾಳೆ. ಅವರಿಗೂ ನೀನು ಇಂಗ್ಲಿಷಿನಲ್ಲಿ ವಿವರಿಸತೊಡಗಿದೆ. ನಿನ್ನ ‘ಕುಮುಲೇಟಿವ್’ ಉಚ್ಚಾರ ಕೇಳಿ ಅವರಲ್ಲೊಬ್ಬಳು ಕಿಸಕ್ಕೆಂದು ನಕ್ಕಳು. ಇವರು ಯಾರು ಎಂದು ಮ್ಯಾನೇಜರ್ ಹಿಂದಿಯಲ್ಲಿ ಕೇಳಿದರು. “ಕೆಳಗಿನ ಮನೆಯ ಅಂಕಲ್” ಎಂದುಬಿಟ್ಟೆ ನಾನು. ಕಾಕಾ, ಆ ಮಾತು ನನ್ನ ಬಾಯಿಂದ ಹೇಗೆ... ನೀನು ಎದ್ದೆ. ಹೌದು, ಪೇಪರ್ ಓದಲು ಬಂದಿದ್ದೆ ಎಂದು ಅವರಿಗೆ ಹಿಂದಿಯಲ್ಲೇ ಹೇಳಿದೆ. ಬಾಗಿಲಲ್ಲಿ ಮೆಲ್ಲಗೆ, “ಆ ಸಾಲು ಮಾತ್ರ ತಿದ್ದವಾ,” ಎಂದೆ. ಊಟ ಮಾಡದೆ ಹೋದೆ.

ಮರುದಿನ ನಾನು ಆ ಸಾಲು ತಿದ್ದಿದೆ. ಸಾಫ್ಟ್‌ವೇರಿನಲ್ಲೂ ಅದೇ ತಪ್ಪಿತ್ತು, ಒಟ್ಟು ಎಂದು ಆ ದಿನದ್ದಷ್ಟನ್ನೇ ತೋರಿಸುತ್ತಿತ್ತು. ನಾನು ತೋರಿಸಿದ ಮೇಲೆ ಸರಿಪಡಿಸಿದರು. ಎಲ್ಲರೂ ಹೊಗಳಿದರು, ಹೊಗಳಿಸಿಕೊಂಡೆ. ನಿನಗೆ ಫೋನ್ ಮಾಡಲು ಮುಖವಿರಲಿಲ್ಲ. ಮುಂದಿನ ವಾರ ಹೋಗಿ ಕ್ಷಮೆ ಕೇಳೋಣ, ಅದರ ಮುಂದಿನ ವಾರ ಕೇಳೋಣ ಎನ್ನುತ್ತಿರುವಾಗಲೇ ನಿನ್ನ ಹೃದಯ ನಿಂತಿತು. ನಿನ್ನ ತಣ್ಣಗಿನ ಕಾಲು ಹಿಡಿದು ಕೇಳಿದರೆ ಅದು ಕೇಳಿದಂತೆಯೇ?

ಮೊನ್ನೆ ಒಂದು ಆಸ್ಪತ್ರೆಯಿಂದ ಪತ್ರ ಬಂತು. ಅಲ್ಲಿನ ಎಕ್ಸ್-ರೇ ವಿಭಾಗದಲ್ಲಿ ಒಬ್ಬ ಬಸುರಿ ಹೆಂಗಸು ಕೆಲಸಕ್ಕಿದ್ದಳಂತೆ. ತಿಂಗಳುಗಳಿಂದ ಅವಳ ಮೈ ಸೇರಿದ್ದ ಒಟ್ಟು ಪ್ರಮಾಣ ಮಿತಿಯ ಹತ್ತಿರ ಬಂದದ್ದನ್ನು ನಮ್ಮ ಸಾಫ್ಟ್‌ವೇರ್ ತೋರಿಸಿತಂತೆ, ತಕ್ಷಣ ಬೇರೆ ಕೆಲಸ ಕೊಟ್ಟರಂತೆ. ಆಫೀಸಿನ ಸಭೆಯಲ್ಲಿ ಪತ್ರ ಓದಿ ಎಲ್ಲರೂ ನನಗೆ ಚಪ್ಪಾಳೆ ತಟ್ಟಿದರು. ನಾನು ಎದ್ದು ನಿಂತೆ. ಆ ತಪ್ಪು ಹಿಡಿದದ್ದು ನಾನಲ್ಲ, ಅಂದು ನನ್ನ ಮನೆಯಲ್ಲಿ ನೀವು ನೋಡಿದ ಹಿರಿಯರು, ಅವರು ಕೆಳಗಿನ ಮನೆಯವರಲ್ಲ, ನನ್ನನ್ನು ಸಾಕಿದ ಕಾಕಾ ಎಂದೆ. ಅಂದು ನಕ್ಕವಳು ತಲೆ ತಗ್ಗಿಸಿದಳು. ನನಗೂ ತಲೆ ಎತ್ತಲಾಗಲಿಲ್ಲ.

ಆ ಹೆಂಗಸಿಗೆ ಹೆರಿಗೆಯಾಗಿದೆಯಂತೆ, ಕಾಕಾ. ಹೆಣ್ಣು ಮಗು. ಆರೋಗ್ಯವಾಗಿದೆಯಂತೆ.